ಶಾಲೆ ಬಿಟ್ಟ ಮೇಲಿನ ಮೂರು ತಾಸು

ಜತ್ತ ತಾಲೂಕಿನ ಹಳ್ಳಿಗಳಲ್ಲಿ ಸಂಜೆ ಜಿಲ್ಲಾ ಪರಿಷದ್ ಶಾಲೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಅರ್ಧ ತಾಸಿನೊಳಗೆ ಚದುರಿಹೋಗುತ್ತಾರೆ. ಕೆಲವರು ಊರೊಳಗಿನ ಮನೆಗಳಿಗೆ, ಉಳಿದವರು ಹೊಲದ ವಸ್ತಿಗಳಿಗೆ. ಅಲ್ಲಿಂದ ರಾತ್ರಿ ಊಟದ ಹೊತ್ತಿನವರೆಗೆ ಹೆಚ್ಚುಕಡಿಮೆ ಮೂರು ತಾಸು. ಅವ್ವ ಅಪ್ಪ ಕೂಲಿಯಿಂದ ಇನ್ನೂ ಬಂದಿರುವುದಿಲ್ಲ. ಶಾಲೆಯ ಜವಾಬ್ದಾರಿ ಮುಗಿದಿರುತ್ತದೆ. ಸರಕಾರದ ಯಾವ ಕಡತದಲ್ಲೂ ಈ ಹೊತ್ತಿಗೆ ಹೆಸರಿಲ್ಲ. ಆದರೆ ಮಗು ತನ್ನ ಓರಗೆಯವರ ಜೊತೆ ಜಗಳಾಡಿ ರಾಜಿಯಾಗುವುದನ್ನು, ಸೋತಾಗ ತಡೆದುಕೊಳ್ಳುವುದನ್ನು, ತನ್ನ ಸರದಿ ಬರುವತನಕ ಕಾಯುವುದನ್ನು, ಬೇರೆ ಓಣಿಯ ಬೇರೆ ಜಾತಿಯ ಮಗುವನ್ನು ಹೆಸರು ಹಿಡಿದು ಕರೆಯುವುದನ್ನು ಕಲಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಶಾಲೆಯಾಚೆಯ ಸಂಜೆ ಕೂಟಗಳು ಮಕ್ಕಳ ಸಾಮಾಜಿಕ ಬೆಳವಣಿಗೆಗೆ ನಿಜವಾಗಿ ನೆರವಾಗುತ್ತವೆಯೇ, ಆಗುವುದಾದರೆ ಯಾವ ಬಗೆಯವು, ಸೋನ್ಯಾಳದಂಥ ಗಡಿ ಹಳ್ಳಿಗೆ ಯಾವುದು ಹೊಂದುತ್ತದೆ ಎಂದು ನೋಡುವುದು ಇಲ್ಲಿನ ಉದ್ದೇಶ.

ಸೋನ್ಯಾಳ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಜತ್ತ ತಾಲೂಕಿನ ಬಹುಭಾಗ ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ವಿಲೀನವಾಗಿ ಮುಂದೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಅದೇ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ಇಂದಿಗೂ ಈ ತಾಲೂಕಿನಲ್ಲಿ ಜಿಲ್ಲಾ ಪರಿಷದ್ ನಡೆಸುವ ನೂರಕ್ಕೂ ಹೆಚ್ಚು ಕನ್ನಡ ಶಾಲೆಗಳಿವೆ. 2022ರ ಕೊನೆಗೆ ಜತ್ತದ ನಲವತ್ತು ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕು ಎಂಬುದು ಎರಡೂ ರಾಜಧಾನಿಗಳಲ್ಲಿ ಸುದ್ದಿಯಾಯಿತು. 2024ರಲ್ಲಿ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಮತ್ತೆ ಸುದ್ದಿಯಾಯಿತು. ಗಡಿ, ನೇಮಕ ಎರಡೂ ದೊಡ್ಡ ವಿಷಯಗಳೇ. ಆದರೆ ಇಷ್ಟು ಮಾತಿನ ನಡುವೆ ಆ ಹಳ್ಳಿಯ ಮಗು ಸಂಜೆ ಯಾರ ಜೊತೆ ಇರುತ್ತದೆ ಎಂದು ಕೇಳಿದವರು ಕಡಿಮೆ.

ಸಂಜೆಯ ಕೂಟ ಈ ಸೀಮೆಗೆ ಹೊಸದಲ್ಲ. ಕೃಷ್ಣೆಯ ಎರಡೂ ದಂಡೆಗಳಲ್ಲಿ ತಾಲೀಮು ಎನ್ನುವ ಕುಸ್ತಿ ಮನೆಗಳಿದ್ದವು. ಸಂಜೆ ಹುಡುಗರು ಅಲ್ಲಿ ಕೆಂಪು ಮಣ್ಣು ಹದ ಮಾಡಿ, ಸಾಮು ತೆಗೆದು, ವಸ್ತಾದನ ಮಾತಿಗೆ ತಲೆಬಾಗಿ ಬೆಳೆದರು. ಡೊಳ್ಳಿನ ಮೇಳದಲ್ಲಿ ದೊಡ್ಡವರ ನಡುವೆ ನಿಂತ ಹುಡುಗ ತಾಳ ಹಿಡಿಯುವುದನ್ನು ಕಲಿತ. ಇದೇ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಗಡಿಯಾಚೆ ಇಂಚಗೇರಿಯಲ್ಲಿ ಮಠ ಕಟ್ಟಿದರು. ಆ ಸಂಪ್ರದಾಯದ ಭಜನೆಯಲ್ಲಿ ಕನ್ನಡ ಪದವೂ ಮರಾಠಿ ಅಭಂಗವೂ ಒಂದೇ ತಾಳಕ್ಕೆ ಬರುತ್ತವೆ. ಎರಡು ಭಾಷೆಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂಡುವುದಕ್ಕೆ ಅದು ಎಷ್ಟೋ ಹಿಂದೆಯೇ ಜಾಗ ಮಾಡಿಕೊಟ್ಟಿತ್ತು. ಈ ಎಲ್ಲದರ ಬಗ್ಗೆ ನನಗೆ ಗೌರವವಿದೆ. ಆದರೂ ಹೇಳಲೇಬೇಕಾದ ಮಾತೊಂದಿದೆ: ತಾಲೀಮಿನೊಳಗೆ ಹುಡುಗಿಯರಿಗೆ ಕಾಲಿಡಲು ಬಿಡುತ್ತಿರಲಿಲ್ಲ, ಎಷ್ಟೋ ಕಡೆ ದಲಿತ ಹುಡುಗರಿಗೂ ಬಿಡುತ್ತಿರಲಿಲ್ಲ. ಹಳೆಯ ಸಂಜೆಗಳನ್ನು ಹಾಗೆಯೇ ಮರಳಿ ತಂದರೆ ಸಾಲದು.

ಎಲ್ಲರಿಗೂ ತೆರೆದ ಸಂಜೆ ಕೂಟದ ಕಲ್ಪನೆಯ ಒಂದು ಬೇರು ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳಕ್ಕೆ ರೂಪ ಕೊಟ್ಟರು. ಅದರ ಕೇಂದ್ರ ಹುಬ್ಬಳ್ಳಿ. 1941ರ ಜೂನ್ 4ರಂದು ಮಹಾರಾಷ್ಟ್ರದಲ್ಲಿ ರಾಷ್ಟ್ರ ಸೇವಾದಳ ಕಟ್ಟಿದಾಗ ಎಸ್. ಎಂ. ಜೋಶಿ ಅದರ ಮುಖ್ಯಸ್ಥರಾದರು. ಅದರ ಸಂಜೆ ಶಾಖೆಗಳಲ್ಲಿ ಎಲ್ಲ ಜಾತಿಯ ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡುತ್ತಿದ್ದರು, ಲೇಜಿಮು ಹಿಡಿಯುತ್ತಿದ್ದರು, ಸಮರಗೀತೆ ಹಾಡುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಕರ್ನಾಟಕದ ಶಾಲೆಗಳಲ್ಲಿ ಭಾರತ ಸೇವಾದಳ ಇಂದಿಗೂ ಇದೆ. ಆದರೆ ಹಲವು ಕಡೆ ಅದು ರಾಷ್ಟ್ರೀಯ ಹಬ್ಬಗಳ ಕವಾಯತಿಗೆ ಸೀಮಿತವಾಗಿದೆ. ದಿನದಿನದ ಸಂಜೆಯಾಗಿ ಉಳಿದಿಲ್ಲ. ನಿಯಮಿತವಾಗಿ ಸೇರದ ಕೂಟದಿಂದ ಮಗುವಿನ ನಡತೆಯಲ್ಲಿ ಬದಲಾವಣೆ ಕಾಣುವುದು ಕಷ್ಟ.

ಆಟವನ್ನೇ ನೋಡಿ. ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಮಕ್ಕಳ ನೈತಿಕ ತಿಳಿವು ಬೆಳೆಯುವ ಬಗೆಯನ್ನು ಅರಿಯಲು ಆರಿಸಿಕೊಂಡದ್ದು ಗೋಲಿಯಾಟ. 1932ರ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಸಣ್ಣ ಮಕ್ಕಳು ಆಟದ ನಿಯಮವನ್ನು ಹಿರಿಯರು ಹಾಕಿದ, ಮುಟ್ಟಬಾರದ ಕಟ್ಟಳೆ ಎಂದು ನಂಬುತ್ತಾರೆ, ಓರಗೆಯವರ ಜೊತೆ ಆಡುತ್ತ ಆಡುತ್ತ, ನಿಯಮ ನಾವೇ ಒಪ್ಪಿ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂಬ ತಿಳಿವಿಗೆ ಬರುತ್ತಾರೆ. ದೊಡ್ಡವರು ಬೋಧಿಸಿ ಇದನ್ನು ಕೊಡಲಾಗದು. ನಮ್ಮ ಖೋಖೋ ಈ ಮಾತಿಗೆ ಇನ್ನೊಂದು ಸಾಕ್ಷಿ. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಾಲಾಗಿ, ಅಕ್ಕಪಕ್ಕದವರು ಎದುರುಬದುರು ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನಟ್ಟುವವನು ಎಷ್ಟೇ ಗಟ್ಟಿಗನಾದರೂ ನಡುಗೆರೆ ದಾಟುವಂತಿಲ್ಲ, ತಿರುಗಿ ಓಡುವಂತಿಲ್ಲ; ಸರಿಯಾದ ಹೊತ್ತಿಗೆ ಕೂತವರಲ್ಲೊಬ್ಬರಿಗೆ ಖೋ ಕೊಡಲೇಬೇಕು. ಕೊಟ್ಟು ಅವರ ಜಾಗದಲ್ಲಿ ತಾನು ಕೂಡಬೇಕು. ಎಷ್ಟು ಚುರುಕಾಗಿ ಬಿಟ್ಟುಕೊಡುತ್ತಾನೋ ಅಷ್ಟು ತಂಡ ಗೆಲ್ಲುತ್ತದೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಖರ್ಚೂ ಇಲ್ಲ: ಎರಡು ಕಂಬ, ಒಂದಿಷ್ಟು ಸುಣ್ಣ, ಕಲ್ಲು ಆರಿಸಿದ ನೆಲ.

ಹಾಗಾದರೆ ಮಕ್ಕಳನ್ನು ಒಂದೆಡೆ ಸೇರಿಸಿಬಿಟ್ಟರೆ ಸಾಕೇ? ಸಾಲದು ಎನ್ನುತ್ತದೆ ಸಂಶೋಧನೆ, ಅದೂ ಬಹಳ ಸ್ಪಷ್ಟವಾಗಿ. ಅಮೆರಿಕದ ಜೋಸೆಫ್ ಡರ್ಲಾಕ್, ರೋಜರ್ ವೈಸ್‌ಬರ್ಗ್, ಮಾಲಿ ಪಚಾನ್ ಎಂಬ ವಿದ್ವಾಂಸರು 2010ರಲ್ಲಿ ಇಂಥ 69 ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ತೂಗಿದರು. ಭಾಗವಹಿಸಿದ ಮಕ್ಕಳಲ್ಲಿ ತಮ್ಮ ಬಗ್ಗೆ ನಂಬಿಕೆ, ಶಾಲೆಯ ಮೇಲಿನ ಪ್ರೀತಿ, ಇತರರೊಡನೆ ಹೊಂದಿಕೊಳ್ಳುವ ನಡತೆ ಹೆಚ್ಚಿದ್ದವು, ಪುಂಡಾಟಿಕೆ ತಗ್ಗಿತ್ತು. ಆದರೆ ಈ ಲಾಭವೆಲ್ಲ ಬಂದದ್ದು ಒಂದು ಬಗೆಯ ಕಾರ್ಯಕ್ರಮಗಳಿಂದ ಮಾತ್ರ: ಕಲಿಸುವುದನ್ನು ಹಂತಹಂತವಾಗಿ ಕಟ್ಟಿದವು, ಮಕ್ಕಳ ಕೈಯಿಂದಲೇ ಮಾಡಿಸಿದವು, ಅದಕ್ಕೆಂದೇ ಹೊತ್ತು ಮೀಸಲಿಟ್ಟವು, ಯಾವ ಗುಣ ಬೆಳೆಸುತ್ತಿದ್ದೇವೆ ಎಂದು ತಿಳಿದು ನಡೆಸಿದವು. ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ.

ಕೆಡುಕಾದದ್ದೂ ಇದೆ. ಸ್ವೀಡನ್ನಿನಲ್ಲಿ ಜೋಸೆಫ್ ಮಹೋನಿ ಮತ್ತು ಹಾಕನ್ ಸ್ಟಾಟಿನ್ 2000ದಲ್ಲಿ ಪ್ರಕಟಿಸಿದ ಅಧ್ಯಯನ 14 ವರ್ಷದವರನ್ನು ಕುರಿತದ್ದು. ಕ್ರೀಡೆ, ಸಂಗೀತದಂಥ ಕಟ್ಟುಪಾಡಿನ ಚಟುವಟಿಕೆಗೆ ಹೋಗುವವರಲ್ಲಿ ತಂಟೆ ಕಡಿಮೆ. ಹೇಳುವವರು ಕೇಳುವವರಿಲ್ಲದೆ ಸುಮ್ಮನೆ ಕಾಲ ಕಳೆಯುವ ಯುವಕೇಂದ್ರಗಳಿಗೆ ಹೋಗುವವರಲ್ಲಿ ಹೆಚ್ಚು. ಅಮೆರಿಕ ಸರಕಾರದ ದೊಡ್ಡ ಸಂಜೆ ಕೇಂದ್ರ ಯೋಜನೆಯೊಂದರ 2005ರ ಮೌಲ್ಯಮಾಪನವೂ ಎಚ್ಚರಿಕೆಯದೇ: ಮಕ್ಕಳಿಗೆ ಸುರಕ್ಷಿತ ಎನಿಸಿತ್ತು, ಆದರೆ ಅಂಕ ಏರಲಿಲ್ಲ, ಶಿಸ್ತಿನ ದೂರುಗಳು ಹೆಚ್ಚಿದವು. ಇನ್ನೂ ಹಿಂದೆ, 1939ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹಾದಿ ತಪ್ಪಬಹುದಾದ ಹುಡುಗರಿಗೆಂದು ನಡೆದ ಪ್ರಯೋಗವನ್ನು ಜೋನ್ ಮೆಕಾರ್ಡ್ ದಶಕಗಳ ನಂತರ ಹಿಂಬಾಲಿಸಿ ನೋಡಿದಾಗ, ನೆರವು ಪಡೆದವರ ಬದುಕೇ ಪಡೆಯದವರಿಗಿಂತ ಹೆಚ್ಚು ಹದಗೆಟ್ಟಿತ್ತು. ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರ ಪಾಡು ಇನ್ನೂ ಕೆಟ್ಟದ್ದು. ತುಂಟರನ್ನು ಮಾತ್ರ ಆರಿಸಿ ಒಂದೆಡೆ ಹಾಕಿದರೆ ಅವರು ಪರಸ್ಪರ ಕಲಿಯುವುದು ತುಂಟತನವನ್ನೇ. ದಡ್ಡರು, ಪೋಲಿಗಳು ಎಂದು ಹಣೆಪಟ್ಟಿ ಹಚ್ಚಿ ಸಂಜೆ ವರ್ಗ ತೆರೆಯುವ ನಮ್ಮ ಊರುಗಳ ಉತ್ಸಾಹಿಗಳು ಇದನ್ನು ಮರೆಯಬಾರದು.

ನಮಗೆ ಹೆಚ್ಚು ಹತ್ತಿರದ ಪರೀಕ್ಷೆ ನಡೆದದ್ದು ಜತ್ತದ ನೆರೆಯ ವಿಜಯಪುರ ಜಿಲ್ಲೆ ಮತ್ತು ಬಾಗಲಕೋಟೆಯಲ್ಲಿ. ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ 2014ರಿಂದ 2017ರವರೆಗೆ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಲಿ, ಬೇಗ ಮದುವೆಯಾಗದಿರಲಿ ಎಂಬುದು ಗುರಿ. ಹುಡುಗಿಯರ ಗುಂಪು ಕಟ್ಟಿ ಮಾತುಕತೆ, ತಂದೆತಾಯಿಯರ ಭೇಟಿ, ಹುಡುಗರ ಜೊತೆ ಬೇರೆ ಕೆಲಸ, ಶಾಲಾ ಸಮಿತಿಗೆ ತರಬೇತಿ. 80 ಗ್ರಾಮಗುಚ್ಛಗಳನ್ನು ಆರಿಸಿ ಅರ್ಧದಲ್ಲಿ ಮಾಡಿ, ಅರ್ಧವನ್ನು ಹೋಲಿಕೆಗೆ ಇಟ್ಟುಕೊಂಡರು. ಒಟ್ಟು ಫಲಿತಾಂಶದಲ್ಲಿ ಎರಡರ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆ ವರ್ಷಗಳಲ್ಲಿ ಎಲ್ಲೆಡೆಯೂ ಹುಡುಗಿಯರು ಶಾಲೆಯಲ್ಲಿ ಉಳಿಯುವುದು ಹೆಚ್ಚುತ್ತಿತ್ತು ಎಂಬುದು ಅದಕ್ಕೊಂದು ಕಾರಣ. ಇದನ್ನು ಸೋಲು ಎಂದು ನಾನು ಓದುವುದಿಲ್ಲ. ಬಡತನ, ಮದುವೆ, ದೂರದ ಹೈಸ್ಕೂಲು ಇವೆಲ್ಲವನ್ನೂ ಗುಂಪು ಸಭೆ ತಾನೊಂದೇ ಬದಲಿಸಿಬಿಡುತ್ತದೆ ಎಂದು ಆಸೆ ಇಡಬಾರದು ಎಂದು ಓದುತ್ತೇನೆ. ಸಂಜೆ ಕೂಟ ಕೊಡುವುದು ಗೆಳೆತನ, ಧೈರ್ಯ, ಮಾತು. ಅದಕ್ಕೆ ಅಷ್ಟೇ ಹೊರೆ ಹೊರಿಸೋಣ.

ಜತ್ತದ ಬದುಕಿನಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುವುದು ಸುಗ್ಗಿಯಲ್ಲಿ. ದೀಪಾವಳಿ ಆದಮೇಲೆ ಕೂಲಿ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದ ಗಂಡಹೆಂಡಿರ ಜೋಡಿಗಳು ಕಬ್ಬು ಕಡಿಯಲು ಕೃಷ್ಣೆ, ವಾರಣೆಯ ಸೀಮೆಗೂ ಕರ್ನಾಟಕದ ಕಾರ್ಖಾನೆಗಳಿಗೂ ಹೊರಡುತ್ತಾರೆ. ಐದಾರು ತಿಂಗಳು ಮಕ್ಕಳು ಒಂದೋ ಕಬ್ಬಿನ ಫಡದಲ್ಲಿ, ಇಲ್ಲವೇ ಊರಲ್ಲಿ ಅಜ್ಜಿಯ ಹತ್ತಿರ. ಇದೇ ತಾಲೂಕಿನ ಕುಲಾಳವಾಡಿಯ ಜಿಲ್ಲಾ ಪರಿಷದ್ ಶಾಲೆ ಇದಕ್ಕೆ ಕಂಡುಕೊಂಡ ದಾರಿ ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ. ತಂದೆತಾಯಿ ಹೋದಮೇಲೆ ಮಕ್ಕಳು ಊರಲ್ಲೇ ಉಳಿದು ಓದಬೇಕಾದರೆ ತಮ್ಮ ರೊಟ್ಟಿ ತಾವು ಬಡಿದುಕೊಳ್ಳಲು ಬರಬೇಕು. ಶಾಲೆ ಅದನ್ನೇ ಕಲಿಸಿತು, ಭಾಕರಿ ಮಾಡುವ ಸ್ಪರ್ಧೆಯನ್ನೇ ಇಟ್ಟಿತು. ಹುಡುಗಿಯರ ಜೊತೆ ಹುಡುಗರೂ ಹಿಟ್ಟು ನಾದಿ, ಕಾವಲಿಯ ಮೇಲೆ ರೊಟ್ಟಿ ಹಾಕಿದರು. ಗಂಡುಹುಡುಗ ರೊಟ್ಟಿ ಬಡಿದರೆ ನಗುವ ಊರಿನಲ್ಲಿ ಅದಕ್ಕೆ ಬಹುಮಾನ ಸಿಕ್ಕಿತು. ಲಿಂಗ ಸಮಾನತೆ, ಸ್ವಾವಲಂಬನೆ ಎಂದು ಪುಸ್ತಕಗಳು ಹೇಳುವುದು ಅಲ್ಲಿ ಒಲೆಯ ಮುಂದೆ ನಡೆಯಿತು. ಡರ್ಲಾಕ್ ಪಟ್ಟಿಮಾಡಿದ ಗುಣಗಳೆಲ್ಲ ಆ ಸ್ಪರ್ಧೆಯಲ್ಲಿ ಇವೆ. ಅದನ್ನು ರೂಪಿಸಿದವರು ತಮ್ಮ ಮಕ್ಕಳ ಅಗತ್ಯವನ್ನು ತಾವೇ ನೋಡಿ ತಿಳಿದವರು.

ಸಾಂಗಲಿ ಜಿಲ್ಲೆಯದೇ ಇನ್ನೊಂದು ಪ್ರಯೋಗ ದೇಶದಾಚೆಗೂ ಹೆಸರಾಯಿತು. ಕಡೇಗಾವ ತಾಲೂಕಿನ ಮೋಹಿತ್ಯಾಂಚೆ ವಡಗಾವದಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗುತ್ತದೆ. ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಕೊರೋನಾ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಮೊಬೈಲು ಮರಳಿ ಹೋಗದಾಗ ಊರು ಹೂಡಿದ ಉಪಾಯ ಇದು. ಮೊದಲು ನಕ್ಕವರಿದ್ದರು, ಊರ ಹೆಂಗಸರು ಬೆನ್ನಿಗೆ ನಿಂತದ್ದರಿಂದ ಅದು ನಿಂತಿತು. ಬೆಳಗಾವಿಯ ಹಲಗಾ ಗ್ರಾಮವೂ ಮುಂದೆ ಇದೇ ಹಾದಿ ಹಿಡಿಯಿತು. ಒಂದು ಊರು ತನ್ನ ಮಕ್ಕಳ ಸಂಜೆಗಾಗಿ ಒಟ್ಟಿಗೆ ನಿರ್ಧರಿಸಿತು ಎಂಬುದೇ ದೊಡ್ಡದು. ಆದರೆ ಆ ಹೊತ್ತಿನಲ್ಲಿ ಪ್ರತಿ ಮಗು ತನ್ನ ಮನೆಯಲ್ಲಿ ತನ್ನ ಪುಸ್ತಕದ ಮುಂದೆ ಕೂಡುತ್ತದೆ. ಓದಿಗೆ ಒಳ್ಳೆಯದು, ಒಡನಾಟಕ್ಕೆ ಅರ್ಧ ಮಾತ್ರ.

ಗಡಿಯ ಕರ್ನಾಟಕದ ಬದಿಯ ಮಕ್ಕಳಿಗೆ ಒಂದು ಸೌಕರ್ಯ ಸಿಕ್ಕಿದೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಆರಂಭಿಸಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತ ಮಾಡಿತು. 5,600ಕ್ಕೂ ಹೆಚ್ಚಿನ ಈ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. ಚೆನ್ನಾಗಿ ನಡೆಯುವ ಕಡೆ ಸಂಜೆ ಮಕ್ಕಳು ಗಟ್ಟಿಯಾಗಿ ಕತೆ ಓದುತ್ತಾರೆ, ಚದುರಂಗ ಆಡುತ್ತಾರೆ. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ಹುಟ್ಟಿತ್ತು. ದುಡಿಯುವ ಮಕ್ಕಳೂ ಸೇರಿ ಮತ ಹಾಕಿ ತಮ್ಮವರನ್ನು ಆರಿಸಿ, ಊರಿನ ಕೊರತೆಗಳನ್ನು ದೊಡ್ಡವರ ಮುಂದೆ ಇಟ್ಟರು. ಮಕ್ಕಳ ಗ್ರಾಮಸಭೆ ಇಂದು ರಾಜ್ಯದ ಎಲ್ಲ ಪಂಚಾಯತಿಗಳಲ್ಲೂ ನಡೆಯಬೇಕಾದ ಸಭೆಯಾಗಿರುವುದರ ಹಿಂದೆ ಇಂಥ ಕೆಲಸವಿದೆ. ವಿಜಯಪುರ ಜಿಲ್ಲೆಯ ಹಳ್ಳಿಯ ಮಗುವಿಗೆ ಇಷ್ಟು ಸಿಗಬಹುದು. ಗಡಿಗೆರೆಯ ಮಹಾರಾಷ್ಟ್ರದ ಬದಿಯಲ್ಲಿದ್ದು ಕನ್ನಡದಲ್ಲೇ ಓದುವ ಸೋನ್ಯಾಳದ ಮಗುವಿಗೆ ಈ ಯಾವುದೂ ತಲುಪುವುದಿಲ್ಲ. ಮಹಾರಾಷ್ಟ್ರದ ವಾಚನಾಲಯಗಳಲ್ಲಿ ಇರುವುದು ಬಹುಪಾಲು ಮರಾಠಿ ಪುಸ್ತಕ.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಹೀಗಿದೆ. ಸೋನ್ಯಾಳದಂಥ ಊರಿನಲ್ಲಿ ಕನ್ನಡ ಶಾಲೆಯ ಮಕ್ಕಳಿಗಷ್ಟೇ ಬೇರೆ ಸಂಜೆ ಕೂಟ ಕಟ್ಟುವುದು ತಪ್ಪು. ಹಗಲು ಮಾಧ್ಯಮದ ಹೆಸರಿನಲ್ಲಿ ಬೇರೆಯಾದ ಮಕ್ಕಳು ಸಂಜೆಯಾದರೂ ಒಂದಾಗಲಿ. ಕನ್ನಡದಲ್ಲಿ ಏಳನೆಯದೋ ಹತ್ತನೆಯದೋ ಮುಗಿಸಿದ ಮಗು ಮುಂದೆ ಮರಾಠಿ ಹೈಸ್ಕೂಲಿಗೋ ಕಾಲೇಜಿಗೋ ಹೋದಾಗ ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂಡುವುದಕ್ಕೆ ದೊಡ್ಡ ಕಾರಣ ಬುದ್ಧಿಯ ಕೊರತೆಯಲ್ಲ, ಮರಾಠಿ ಮಾತಾಡುವ ಗೆಳೆಯರ ಕೊರತೆ. ಅದೇ ರೀತಿ ಊರಿನ ಮರಾಠಿ ಮಗುವಿಗೂ ಕನ್ನಡ ಬಂದರೆ ವಿಜಯಪುರದ ಪೇಟೆ, ದವಾಖಾನೆ, ಕಾಲೇಜು ಹತ್ತಿರವಾಗುತ್ತವೆ.

ಒಂದಾಗಿಸುವುದಕ್ಕೂ ಒಂದು ಪದ್ಧತಿ ಇದೆ. ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಎಲ್ಲ ಜಾತಿಯವರನ್ನು ಬೆರೆಸಿದರು, ಕೆಲವನ್ನು ಒಂದೇ ಜಾತಿಯದಾಗಿ ಬಿಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದೇ ತಂಡದಲ್ಲಿ ಕೂಡಿ ಆಡಿದವರಲ್ಲಿ ಬೇರೆ ಜಾತಿಯ ಗೆಳೆಯರು ಹೆಚ್ಚಾದರು; ಬೇರೆ ಜಾತಿಯವರನ್ನು ಎದುರಾಳಿಯಾಗಿ ಮಾತ್ರ ಕಂಡವರಲ್ಲಿ ಕಡಿಮೆಯಾದರು. ಓಣಿಗೊಂದು ತಂಡ, ಗಲ್ಲಿಗೊಂದು ಮಂಡಳ ಎಂದು ಪಂದ್ಯ ಇಡುವ ನಮ್ಮ ಊರ ರೂಢಿ ಇದನ್ನು ಓದಿದ ಮೇಲೂ ಮುಂದುವರಿಯಬಾರದು. ಓಣಿ ಎಂದರೆ ನಮ್ಮಲ್ಲಿ ಜಾತಿಯೇ. ಚೀಟಿ ಎತ್ತಿ ತಂಡ ಕಟ್ಟಲಿ. ಕನ್ನಡದವರು, ಮರಾಠಿಯವರು, ವಸ್ತಿಯವರು, ತಾಂಡಾದವರು ಒಂದೇ ಸಾಲಿನಲ್ಲಿ ಕೂತು ಖೋ ಕಾಯಲಿ.

ಹುಡುಗಿಯರ ಮಾತು ಬೇರೆಯಾಗಿಯೇ ಆಡಬೇಕು. ಸಂಜೆ ಐದು ಎಂದರೆ ಅವರಿಗೆ ನೀರು, ಕಸ, ದನ, ತಮ್ಮ ತಂಗಿ. ಬಾರದ ಹುಡುಗಿಯನ್ನು ಆಸಕ್ತಿಯಿಲ್ಲದವಳು ಎಂದು ಬರೆದುಕೊಳ್ಳುವ ಕಾರ್ಯಕರ್ತರನ್ನು ನಾನು ಒಪ್ಪುವುದಿಲ್ಲ. ತಮ್ಮನನ್ನು ಕಂಕುಳಲ್ಲಿ ಹೊತ್ತೇ ಬರಲಿ, ಅವನಿಗೂ ಒಂದು ಮೂಲೆ ಇರಲಿ. ಶಾಲೆ ಬಿಟ್ಟ ಕೂಡಲೇ, ಅವರು ಮನೆ ಸೇರುವ ಮುನ್ನವೇ ಕೂಟ ಶುರುವಾಗಿ ಕತ್ತಲಾಗುವ ಮೊದಲು ಮುಗಿಯಲಿ. ವಸ್ತಿಯ ಮಕ್ಕಳು ಗುಂಪಾಗಿ ಮನೆಗೆ ನಡೆಯಲಿ. ಮುಂಬಯಿಯ ಕೊಳೆಗೇರಿಯೊಂದರಲ್ಲಿ ಕಬಡ್ಡಿಯ ಮೂಲಕ ಹುಡುಗಿಯರ ಗುಂಪು ಕಟ್ಟಿದ ‘ಪರಿವರ್ತನ್’ ಕಾರ್ಯಕ್ರಮದವರು ಅದೇ ಬಡಾವಣೆಯ ತರುಣಿಯರನ್ನೇ ಮಾರ್ಗದರ್ಶಿಗಳಾಗಿ ತೆಗೆದುಕೊಂಡರು. ಮನೆಯವರು ಮಗಳನ್ನು ಕಳಿಸುವುದು ಕಾರ್ಯಕ್ರಮದ ಹೆಸರು ನೋಡಿ ಅಲ್ಲ, ಕರೆಯಲು ಬಂದವಳ ಮುಖ ನೋಡಿ.

ಸಂಜೆ ಕೂಟಕ್ಕೆ ಕಟ್ಟಡ ಬೇಡ. ಶಾಲೆಯ ಅಂಗಳ ಸಾಕು, ಸಮಾಜ ಮಂದಿರ ಸಾಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ವಿದ್ಯಾಗಮ ಪಾಠಗಳು ಗುಡಿಕಟ್ಟೆ, ಮರದ ನೆರಳುಗಳಲ್ಲೇ ನಡೆದವು. ಕೂಟ ಟ್ಯೂಷನ್ ಆಗಲೂ ಬಾರದು. ಆದೊಡನೆ ಜಾಣರು ನಿಂತು ಉಳಿದವರು ಜಾರಿಹೋಗುತ್ತಾರೆ. ಗ್ರಾಮೀಣ ಭಾರತದಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳಲ್ಲಿ ಹಣ ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ಶೇ. 26.4 ಇದ್ದದ್ದು 2022ರಲ್ಲಿ ಶೇ. 30.5ಕ್ಕೆ ಏರಿದ್ದನ್ನು ಗ್ರಾಮೀಣ ಶಿಕ್ಷಣದ ಅಸರ್ ಸಮೀಕ್ಷಾ ವರದಿ ತೋರಿಸಿದೆ. ಮಕ್ಕಳ ಸಂಜೆಯನ್ನು ಓದು ಈಗಾಗಲೇ ಸಾಕಷ್ಟು ತೆಗೆದುಕೊಂಡಿದೆ. ಬೇಕಾಗಿರುವುದು ಒಬ್ಬ ವ್ಯಕ್ತಿ: ಊರಿನಲ್ಲೇ ಇರುವ, ಹನ್ನೆರಡನೆಯದೋ ಪದವಿಯೋ ಮುಗಿಸಿ ಮನೆಯಲ್ಲಿ ಕೂತ, ಎರಡೂ ಭಾಷೆ ಬಲ್ಲ ಒಬ್ಬ ತರುಣಿ ಅಥವಾ ತರುಣ. ಅವರಿಗೆ ತಿಂಗಳು ತಿಂಗಳು ತಪ್ಪದೆ ಗೌರವಧನ, ವರ್ಷಕ್ಕೆರಡು ಬಾರಿ ತರಬೇತಿ, ಒಂದು ಪೆಟ್ಟಿಗೆ ಕನ್ನಡ, ಮರಾಠಿ ಕತೆ ಪುಸ್ತಕ, ಒಂದು ಚೆಂಡು, ಒಂದು ಜೋಡಿ ಲೇಜಿಮು. ಶಿಕ್ಷಕರ ತಲೆಯ ಮೇಲೆ ಇದನ್ನೂ ಹೇರಬೇಡಿ.

ನೆರೆರಾಜ್ಯಗಳ ಕನ್ನಡ ಶಾಲೆಗಳಿಗೆ ನೆರವು ಕೊಡುವುದು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕೆಲಸಗಳಲ್ಲೊಂದು. ಆ ನೆರವು ಸಭಾಭವನಕ್ಕೂ ಉತ್ಸವಕ್ಕೂ ಹೋಗುವ ಮೊದಲು ಇಂಥ ಒಬ್ಬರ ಸಂಬಳಕ್ಕೆ ಬರಲಿ ಎಂದು ಪ್ರಾಧಿಕಾರವನ್ನು ಕೇಳಿಕೊಳ್ಳುತ್ತೇನೆ. ಸಾಂಗಲಿ ಜಿಲ್ಲಾ ಪರಿಷದ್ ಶಾಲೆಯ ಅಂಗಳವನ್ನು ಸಂಜೆ ತೆರೆದಿಡಲಿ. ಸೋನ್ಯಾಳದ ಹಿರಿಯರೇ, ತಾಯಂದಿರೇ, ಗ್ರಾಮಸಭೆಯಲ್ಲಿ ಇದನ್ನೊಂದು ವಿಷಯವಾಗಿ ಎತ್ತಿ. ದೀಪಾವಳಿಗೆ ಮುಂಚೆಯೇ ಎತ್ತಿ. ಹಬ್ಬ ಮುಗಿದರೆ ಕಬ್ಬಿನ ಗಾಡಿಗಳು ಹೊರಡುತ್ತವೆ, ಯಾವ ಮಕ್ಕಳಿಗೆ ಈ ಸಂಜೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರು ಆ ಗಾಡಿಗಳಲ್ಲಿ ಹೋಗಿಬಿಟ್ಟಿರುತ್ತಾರೆ.